ಕೌಂಟ್ ಇಳಿದ ದಿನಗಳಲ್ಲಿ ಬರುವ ಶಿಲೀಂಧ್ರ: ಲ್ಯುಕೇಮಿಯಾ ವಾರ್ಡಿನಲ್ಲಿ ಫಂಗಲ್ ಸೋಂಕಿನ ಚಿಕಿತ್ಸೆ ಹೇಗೆ ನಡೆಯುತ್ತದೆ

2021ರ ಬೇಸಿಗೆಯಲ್ಲಿ ಕೋವಿಡ್ ಎರಡನೇ ಅಲೆಯ ಬೆನ್ನಿಗೇ 'ಕಪ್ಪು ಶಿಲೀಂಧ್ರ' ಎಂಬ ಮಾತು ಕರ್ನಾಟಕದ ಮನೆಮನೆಗೂ ಬಂತು. ಅದುವರೆಗೆ ಹೆಚ್ಚಿನವರು ಹೆಸರೂ ಕೇಳಿರದ ಆಂಫೊಟೆರಿಸಿನ್-ಬಿ ಎಂಬ ಇಂಜೆಕ್ಷನ್‌ಗಾಗಿ ಜನ ಊರಿಂದೂರಿಗೆ ಅಲೆದರು. ರಕ್ತದ ಕ್ಯಾನ್ಸರ್ ವಾರ್ಡುಗಳಿಗೆ ಮಾತ್ರ ಆ ಔಷಧವೂ ಹೊಸದಲ್ಲ, ಆ ಭಯವೂ ಹೊಸದಲ್ಲ. ಕೋವಿಡ್‌ಗಿಂತ ಎಷ್ಟೋ ಮೊದಲಿನಿಂದ ಅವು ಅಲ್ಲಿದ್ದವು, ಈಗಲೂ ಇವೆ.

ಲ್ಯುಕೇಮಿಯಾಕ್ಕೆ ಕೀಮೋ ಶುರುವಾಗಿ ಎರಡು-ಮೂರು ವಾರ ಕಳೆದಿರುತ್ತದೆ. ಜ್ವರ ಬರುತ್ತದೆ, ಆಂಟಿಬಯೋಟಿಕ್ ಕೊಟ್ಟರೂ ಇಳಿಯುವುದಿಲ್ಲ. ಆಗ ವೈದ್ಯರು ಮನೆಯವರನ್ನು ಕರೆದು, ಫಂಗಲ್ ಇನ್ಫೆಕ್ಷನ್ ಇರುವ ಸಂಶಯವಿದೆ, ಇವತ್ತಿನಿಂದಲೇ ಔಷಧ ಶುರು ಮಾಡುತ್ತೇವೆ ಎನ್ನುತ್ತಾರೆ. ಕ್ಯಾನ್ಸರ್ ಎಂಬ ಮಾತಿಗೆ ಹೇಗೋ ಮನಸ್ಸು ಗಟ್ಟಿಮಾಡಿಕೊಂಡವರಿಗೆ ಇದು ಎರಡನೇ ಪೆಟ್ಟು. ಆಸ್ಪತ್ರೆಯೊಳಗೇ ಇದ್ದವರಿಗೆ ಶಿಲೀಂಧ್ರ ಎಲ್ಲಿಂದ ಬಂತು? ಖಚಿತವಾಗದೆ ಇಷ್ಟು ದುಬಾರಿ, ಇಷ್ಟು ಬಿರುಸಿನ ಔಷಧ ಏಕೆ? ಕೀಮೋ ನಿಲ್ಲುತ್ತದೆಯೇ? ಈ ಪ್ರಶ್ನೆಗಳಿಗೆ ಉತ್ತರವಿದೆ. ವಾರ್ಡಿನ ಧಾವಂತದಲ್ಲಿ ಅದನ್ನು ಕೂತು ವಿವರಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ, ಅಷ್ಟೆ.

'ಕೌಂಟ್' ಯಾವುದರ ಲೆಕ್ಕ?

ರಕ್ತಕಣಗಳು ಹುಟ್ಟುವುದು ಮೂಳೆಯೊಳಗಿನ ಅಸ್ಥಿಮಜ್ಜೆಯಲ್ಲಿ. ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೋಫಿಲ್ ಎಂಬುದೊಂದು ಬಗೆ. ದೇಹದೊಳಗೆ ನುಗ್ಗಿದ ಬ್ಯಾಕ್ಟೀರಿಯಾ, ಶಿಲೀಂಧ್ರಗಳ ಮೇಲೆ ಮೊದಲು ಬೀಳುವುದು ಇವೇ. 'ಕೌಂಟ್ ಇಳಿದಿದೆ' ಎಂದು ಇಲ್ಲಿ ಹೇಳುವುದು ರಕ್ತದಲ್ಲಿ ಇವುಗಳ ಸಂಖ್ಯೆಯ ಬಗ್ಗೆ. ಇವುಗಳ ಆಯಸ್ಸು ಬಲು ಕಡಿಮೆ. ಹಾಗಾಗಿ ಆರೋಗ್ಯವಂತರ ಮಜ್ಜೆ ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿಯಷ್ಟು ಹೊಸ ನ್ಯೂಟ್ರೋಫಿಲ್‌ಗಳನ್ನು ತಯಾರಿಸುತ್ತಲೇ ಇರಬೇಕು. ತಯಾರಿ ನಿಂತರೆ ದಾಸ್ತಾನು ಬೇಗ ಬರಿದಾಗುತ್ತದೆ.

ಲ್ಯುಕೇಮಿಯಾದಲ್ಲಿ ಈ ತಯಾರಿ ಎರಡು ಕಡೆಯಿಂದ ಕೆಡುತ್ತದೆ. ಮೊದಲನೆಯದಾಗಿ, ಬಲಿಯದ ಕ್ಯಾನ್ಸರ್ ಕಣಗಳು ಮಜ್ಜೆಯನ್ನೆಲ್ಲ ತುಂಬಿಕೊಂಡು ಒಳ್ಳೆಯ ಕಣಗಳಿಗೆ ಜಾಗವೇ ಇಲ್ಲದಂತೆ ಮಾಡುತ್ತವೆ. ರಿಪೋರ್ಟಿನಲ್ಲಿ ಬಿಳಿ ರಕ್ತಕಣ 50 ಸಾವಿರ ಇದ್ದರೂ ರೋಗಿಗೆ ಸೋಂಕು ತಡೆಯುವ ಶಕ್ತಿ ಇಲ್ಲದಿರುವುದು ಇದರಿಂದಲೇ. ಆ 50 ಸಾವಿರದಲ್ಲಿ ಬಹುಪಾಲು ಕೆಲಸಕ್ಕೆ ಬಾರದ ಕಣಗಳು. ಎರಡನೆಯದಾಗಿ, ಆ ಕಣಗಳನ್ನು ಅಳಿಸಲು ಕೊಡುವ ಕೀಮೋ ಮಜ್ಜೆಯನ್ನೇ ಕೆಲವು ವಾರ ಖಾಲಿ ಮಾಡುತ್ತದೆ. ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾಕ್ಕೆ, ಅಂದರೆ ಎಎಂಎಲ್‌ಗೆ, ಬಹಳ ಕಾಲದಿಂದ ಬಳಕೆಯಲ್ಲಿರುವ ಮೊದಲ ಸುತ್ತಿನ ಚಿಕಿತ್ಸೆಯಲ್ಲಿ ಸೈಟರಬಿನ್ 7 ದಿನ, ಡೌನೊರೂಬಿಸಿನ್ 3 ದಿನ ಕೊಡುತ್ತಾರೆ. ಅದಾದ ಮೇಲೆ ಕೌಂಟ್ ಮೇಲೇಳಲು ಸಾಮಾನ್ಯವಾಗಿ ಮೂರರಿಂದ ನಾಲ್ಕು ವಾರ ಹಿಡಿಯುತ್ತದೆ.

ರಕ್ತದ ಒಂದು ಮೈಕ್ರೊಲೀಟರ್‌ನಲ್ಲಿ 1500ಕ್ಕಿಂತ ಹೆಚ್ಚು ನ್ಯೂಟ್ರೋಫಿಲ್ ಇದ್ದರೆ ಚಿಂತೆಯಿಲ್ಲ. 500ಕ್ಕಿಂತ ಕೆಳಗೆ ಹೋದರೆ ಅಪಾಯ, 100ಕ್ಕಿಂತ ಕೆಳಗಾದರೆ ತೀವ್ರ ಅಪಾಯ. ಕೌಂಟ್ ಎಷ್ಟು ಇಳಿಯಿತು ಎಂಬುದರಷ್ಟೇ, ಎಷ್ಟು ದಿನ ಹಾಗೇ ಉಳಿಯಿತು ಎಂಬುದೂ ಮುಖ್ಯ. ನಾಲ್ಕೈದು ದಿನ ಮಾತ್ರ ಕೌಂಟ್ ಇಳಿದವರನ್ನು ಮುಖ್ಯವಾಗಿ ಬ್ಯಾಕ್ಟೀರಿಯಾ ಕಾಡುತ್ತವೆ. ಹತ್ತು ದಿನ ದಾಟಿತೆಂದರೆ ಶಿಲೀಂಧ್ರದ ಸರದಿ. ಎಎಂಎಲ್ ರೋಗಿಗಳು ಇದಕ್ಕೆ ಹೆಚ್ಚು ಸಿಕ್ಕಿಬೀಳುವುದೂ ಈ ಕಾರಣದಿಂದಲೇ.

ಶಿಲೀಂಧ್ರ ಬರುವ ದಾರಿ

ಹೊರಗಿನಿಂದ ಯಾರೋ ತಂದು ಅಂಟಿಸಿದ್ದಲ್ಲ ಇದು. ಆಸ್ಪರ್ಜಿಲಸ್ ಎಂಬ ಬೂಷ್ಟು ಗೊಬ್ಬರದ ಗುಂಡಿ, ಒದ್ದೆ ಹುಲ್ಲು, ನೀರಿಳಿದ ಗೋಡೆ, ಕಟ್ಟಡ ಒಡೆಯುವಾಗ ಏಳುವ ಧೂಳು, ಎಲ್ಲದರಲ್ಲೂ ಇದೆ. ಅದರ ಬೀಜಕಗಳ ಅಳತೆ 2ರಿಂದ 3 ಮೈಕ್ರಾನ್. ಅಷ್ಟು ಚಿಕ್ಕದಾದ್ದರಿಂದ ಮೂಗು, ಗಂಟಲು ದಾಟಿ ಶ್ವಾಸಕೋಶದ ತುದಿಯ ಗಾಳಿಚೀಲದವರೆಗೂ ಇಳಿಯುತ್ತವೆ. ಇದನ್ನು ಓದುತ್ತಿರುವ ನೀವೂ ಬರೆಯುತ್ತಿರುವ ನಾನೂ ದಿನಕ್ಕೆ ನೂರಾರು ಬೀಜಕ ಉಸಿರಾಡುತ್ತೇವೆ. ಗಾಳಿಚೀಲದಲ್ಲಿರುವ ಮ್ಯಾಕ್ರೊಫೇಜ್ ಕಣಗಳು ಅವನ್ನು ನುಂಗಿಹಾಕುತ್ತವೆ, ತಪ್ಪಿಸಿಕೊಂಡು ಮೊಳೆತದ್ದನ್ನು ನ್ಯೂಟ್ರೋಫಿಲ್‌ಗಳು ಕೊಲ್ಲುತ್ತವೆ. ನಮಗೆ ಗೊತ್ತೂ ಆಗುವುದಿಲ್ಲ.

ಹಳೆಯ ದೇವಸ್ಥಾನದ ಗೋಡೆಯಲ್ಲಿ ಅಶ್ವತ್ಥದ ಗಿಡ ಬೇರೂರಿದ್ದನ್ನು ನೋಡಿರುತ್ತೀರಿ. ಹಕ್ಕಿಗಳು ಊರಿನ ಎಲ್ಲ ಗೋಡೆಗಳ ಮೇಲೂ ಅದರ ಬೀಜ ಉದುರಿಸಿರುತ್ತವೆ. ದಿನಾ ಗುಡಿಸಿ, ಬಿರುಕಿಗೆ ಗಾರೆ ಮೆತ್ತುವ ಗೋಡೆಯಲ್ಲಿ ಅದು ಚಿಗುರುವುದಿಲ್ಲ. ಯಾರೂ ನೋಡದ ಗೋಡೆಯಲ್ಲಿ ಮಾತ್ರ ಬೇರು ಕಲ್ಲಿನ ಸಂದಿಗೆ ಇಳಿಯುತ್ತದೆ. ಒಮ್ಮೆ ಇಳಿಯಿತೆಂದರೆ ಮೇಲಿನ ಎಲೆ ಕಿತ್ತರೆ ಪ್ರಯೋಜನವಿಲ್ಲ, ಬೇರನ್ನೇ ಎಳೆದರೆ ಕಲ್ಲೂ ಕಳಚುತ್ತದೆ. ನ್ಯೂಟ್ರೋಫಿಲ್ ಇಲ್ಲದ ಶ್ವಾಸಕೋಶದಲ್ಲಿ ಆಗುವುದೂ ಇದೇ. ಬೀಜಕ ಮೊಳೆತು ದಾರದಂಥ ಎಳೆ ಬಿಡುತ್ತದೆ, ಎಳೆ ರಕ್ತನಾಳದ ಗೋಡೆಯನ್ನು ತೂರುತ್ತದೆ, ಅಲ್ಲಿ ರಕ್ತ ಹೆಪ್ಪುಗಟ್ಟಿ ಮುಂದಿನ ಭಾಗಕ್ಕೆ ರಕ್ತ ಹರಿಯದೆ ಅಂಗಾಂಶ ಸಾಯುತ್ತದೆ. ರಕ್ತ ಹೋಗದ ಕಡೆಗೆ ಔಷಧವೂ ಸರಿಯಾಗಿ ಹೋಗುವುದಿಲ್ಲ. ಅಂಗಾಂಶದೊಳಗೆ ಹೀಗೆ ನುಗ್ಗಿ ಬೆಳೆಯುವುದರಿಂದಲೇ ಇದನ್ನು ವೈದ್ಯರು ಇನ್ವೇಸಿವ್ ಸೋಂಕು ಎನ್ನುವುದು. ಚರ್ಮದ ಗಜಕರ್ಣ, ಉಗುರಿನ ಫಂಗಸ್ ಇವುಗಳ ಜೊತೆ ಇದನ್ನು ಸೇರಿಸಿ ನೋಡಬಾರದು.

ಎರಡನೆಯದು ಕ್ಯಾಂಡಿಡಾ. ಇದು ನಮ್ಮ ಬಾಯಿ, ಕರುಳುಗಳಲ್ಲೇ ವಾಸವಾಗಿರುವ ಯೀಸ್ಟ್. ಕೀಮೋದಿಂದ ಕರುಳಿನ ಒಳಪದರ ಹುಣ್ಣಾದಾಗ ರಕ್ತಕ್ಕೆ ದಾಟುತ್ತದೆ. ಆಂಟಿಬಯೋಟಿಕ್‌ಗಳು ಕರುಳಿನ ಬ್ಯಾಕ್ಟೀರಿಯಾವನ್ನೆಲ್ಲ ಅಳಿಸಿದಾಗ ಇದಕ್ಕೆ ಎದುರಾಳಿಯೇ ಇಲ್ಲದಂತಾಗುತ್ತದೆ. ಕುತ್ತಿಗೆ ಅಥವಾ ತೋಳಿನಲ್ಲಿ ಹಾಕಿದ ಲೈನ್, ಅಂದರೆ ರಕ್ತನಾಳಕ್ಕೆ ಔಷಧ ಕೊಡುವ ನಳಿಕೆ, ಕೂಡ ಅದಕ್ಕೊಂದು ದಾರಿ. ಮೂರನೆಯದು 2021ರಲ್ಲಿ ನಾವು ಕಂಡ ಮ್ಯೂಕರ್. ಮೂಗಿನ ಪಕ್ಕದ ಸೈನಸ್ ಅಥವಾ ಶ್ವಾಸಕೋಶದಲ್ಲಿ ಶುರುವಾಗಿ ಗಂಟೆಗಳ ಲೆಕ್ಕದಲ್ಲಿ ಹರಡಬಲ್ಲದು. ಸ್ಟಿರಾಯ್ಡ್ ಪಡೆಯುವ, ಸಕ್ಕರೆ ಮಟ್ಟ ಏರಿದ ರೋಗಿಗಳಲ್ಲಿ ಇದರ ಭಯ ಹೆಚ್ಚು.

ಮನೆಯವರು ಕೇಳುವ ಇನ್ನೊಂದು ಪ್ರಶ್ನೆ: ನಮಗೂ ಅಂಟುತ್ತದೆಯೇ? ಆಸ್ಪರ್ಜಿಲಸ್, ಮ್ಯೂಕರ್ ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲ. ಕ್ಯಾಂಡಿಡಾ ಆರಿಸ್ ಎಂಬ ಒಂದು ಜಾತಿ ಮಾತ್ರ ಆಸ್ಪತ್ರೆಗಳಲ್ಲಿ ಕೈಗಳ ಮೂಲಕ, ಮಂಚ-ಉಪಕರಣಗಳ ಮೂಲಕ ಹರಡುತ್ತದೆ. ಅದು ಸಿಕ್ಕರೆ ರೋಗಿಯನ್ನು ಪ್ರತ್ಯೇಕ ಇಡುತ್ತಾರೆ.

ಜ್ವರ ಬಿಟ್ಟರೆ ಬೇರೆ ಗುರುತಿಲ್ಲ

ಸಾಮಾನ್ಯ ನ್ಯುಮೋನಿಯಾದಲ್ಲಿ ಕಫ ಬರುತ್ತದೆ, ಎಕ್ಸ್-ರೇಯಲ್ಲಿ ಬಿಳಿ ಮಚ್ಚೆ ಕಾಣುತ್ತದೆ. ಕೀವು ಎನ್ನುವುದು ಬಹುಪಾಲು ಸತ್ತ ನ್ಯೂಟ್ರೋಫಿಲ್‌ಗಳ ರಾಶಿ. ನ್ಯೂಟ್ರೋಫಿಲ್‌ಗಳೇ ಇಲ್ಲದವರಲ್ಲಿ ಕೀವೂ ಇಲ್ಲ, ಕಫವೂ ಕಡಿಮೆ. ಎಕ್ಸ್-ರೇ ಸ್ವಚ್ಛವಾಗಿ ಕಾಣುತ್ತಿರುವಾಗಲೇ ಒಳಗೆ ಸೋಂಕು ಬೆಳೆದಿರಬಹುದು. ಸ್ಟಿರಾಯ್ಡ್ ಪಡೆಯುತ್ತಿರುವವರಲ್ಲಿ ಜ್ವರ ಕೂಡ ಅಡಗುತ್ತದೆ.

ಹಾಗಾಗಿ ಕೌಂಟ್ ಇಳಿದವರಿಗೆ ಒಮ್ಮೆ 38.3 ಡಿಗ್ರಿ ಸೆಲ್ಸಿಯಸ್, ಅಂದರೆ 101 ಡಿಗ್ರಿ ಫ್ಯಾರನ್‌ಹೀಟ್, ಮುಟ್ಟಿದರೆ ಅಥವಾ 38 ಡಿಗ್ರಿ, ಅಂದರೆ 100.4, ಒಂದು ಗಂಟೆ ನಿಂತರೆ ಅದನ್ನು ತುರ್ತುಸ್ಥಿತಿ ಎಂದೇ ಪರಿಗಣಿಸುತ್ತಾರೆ. ರಕ್ತದಲ್ಲಿ ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಕಲ್ಚರ್ ಪರೀಕ್ಷೆಗೆ ರಕ್ತ ತೆಗೆದು ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಶುರು ಮಾಡಬೇಕು. ಮೊದಲು ಬ್ಯಾಕ್ಟೀರಿಯಾಕ್ಕೆ ಔಷಧ ಕೊಡುವುದು ಏಕೆಂದರೆ, ಅವು ಗಂಟೆಗಳಲ್ಲಿ ಕೊಲ್ಲಬಲ್ಲವು. ನಾಲ್ಕರಿಂದ ಏಳು ದಿನ ಕಳೆದರೂ ಜ್ವರ ಬಿಡದಿದ್ದರೆ ಶಿಲೀಂಧ್ರದ ಹುಡುಕಾಟ ಶುರುವಾಗುತ್ತದೆ. ಉಸಿರೆಳೆದಾಗ ಎದೆಯಲ್ಲಿ ಚುಚ್ಚಿದಂಥ ನೋವು, ಕೆಮ್ಮಿನಲ್ಲಿ ರಕ್ತ, ಮುಖದ ಒಂದೇ ಬದಿ ಊದುವುದು, ಮೂಗಿನಿಂದ ಕಪ್ಪು ಅಥವಾ ರಕ್ತಮಿಶ್ರಿತ ಸ್ರಾವ, ವಸ್ತುಗಳು ಎರಡೆರಡಾಗಿ ಕಾಣುವುದು, ಇವುಗಳಲ್ಲಿ ಯಾವುದು ಕಂಡರೂ ಅಷ್ಟು ದಿನ ಕಾಯುವುದಿಲ್ಲ.

ಪರೀಕ್ಷೆಗಳು ಎಷ್ಟು ಹೇಳುತ್ತವೆ, ಎಷ್ಟು ಹೇಳುವುದಿಲ್ಲ

ಎದೆಯ ಸಿ.ಟಿ. ಸ್ಕ್ಯಾನ್ ಇಲ್ಲಿ ಬಹಳ ದೊಡ್ಡ ಸಹಾಯ. ಸತ್ತ ಅಂಗಾಂಶದ ಗಂಟು, ಅದರ ಸುತ್ತ ರಕ್ತ ಒಸರಿದ ಮಬ್ಬು ವಲಯ ಕಂಡರೆ ಆಸ್ಪರ್ಜಿಲಸ್ ಎಂಬ ಅನುಮಾನ ಬಲವಾಗುತ್ತದೆ. ಇದು 'ಹಾಲೋ' ಗುರುತು. ಇದಕ್ಕೆ ತಿರುಗುಮುರುಗಾಗಿ ನಡುವೆ ಮಬ್ಬು, ಸುತ್ತ ಗಟ್ಟಿ ಉಂಗುರ ಕಂಡರೆ ಮ್ಯೂಕರ್ ನೆನಪಾಗಬೇಕು.

ರಕ್ತದಲ್ಲಿ ಗ್ಯಾಲಕ್ಟೊಮನ್ನಾನ್ ಎಂಬ ಪರೀಕ್ಷೆ ಮಾಡುತ್ತಾರೆ. ಆಸ್ಪರ್ಜಿಲಸ್ ಬೆಳೆಯುವಾಗ ಅದರ ಕೋಶಗೋಡೆಯಿಂದ ಬಿಡುಗಡೆಯಾಗುವ ಸಕ್ಕರೆಯಂಥ ವಸ್ತು ಇದು. ಬೀಟಾ-ಡಿ-ಗ್ಲೂಕಾನ್ ಎಂಬ ಇನ್ನೊಂದು ಪರೀಕ್ಷೆ ಕ್ಯಾಂಡಿಡಾ, ಆಸ್ಪರ್ಜಿಲಸ್ ಎರಡನ್ನೂ ಸೂಚಿಸುತ್ತದೆ. ಎರಡೂ ಮ್ಯೂಕರ್ ಅನ್ನು ಹಿಡಿಯುವುದಿಲ್ಲ. ಇದನ್ನು ಮನೆಯವರು ತಿಳಿದಿರುವುದು ಒಳ್ಳೆಯದು, ಏಕೆಂದರೆ 'ರಿಪೋರ್ಟ್ ನೆಗೆಟಿವ್' ಎಂದಮಾತ್ರಕ್ಕೆ ಶಿಲೀಂಧ್ರವಿಲ್ಲ ಎಂದಾಗುವುದಿಲ್ಲ. ರೋಗಿ ಮೊದಲೇ ತಡೆಮದ್ದು ತೆಗೆದುಕೊಳ್ಳುತ್ತಿದ್ದರೆ ಗ್ಯಾಲಕ್ಟೊಮನ್ನಾನ್ ಇನ್ನೂ ಮಂಕಾಗುತ್ತದೆ. ರಕ್ತದ ಕಲ್ಚರ್‌ನಲ್ಲಿ ಆಸ್ಪರ್ಜಿಲಸ್ ಬೆಳೆಯುವುದೇ ಇಲ್ಲವೆನ್ನಬಹುದು, ಕ್ಯಾಂಡಿಡಾ ಸೋಂಕು ಕೂಡ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ.

ಖಚಿತ ಉತ್ತರಕ್ಕೆ ಅಂಗಾಂಶದ ತುಣುಕು ಬೇಕು. ಪ್ಲೇಟ್‌ಲೆಟ್ 10-20 ಸಾವಿರ ಇರುವ ವ್ಯಕ್ತಿಯ ಶ್ವಾಸಕೋಶಕ್ಕೆ ಸೂಜಿ ಹಾಕಿದರೆ ರಕ್ತಸ್ರಾವವಾಗಿ ಪ್ರಾಣಕ್ಕೇ ಕುತ್ತು. ಬದಲಿಗೆ ಬ್ರಾಂಕೋಸ್ಕೋಪಿ ಮಾಡಿ, ಅಂದರೆ ಶ್ವಾಸನಾಳದೊಳಗೆ ಕ್ಯಾಮೆರಾ ಇರುವ ತೆಳ್ಳನೆಯ ಕೊಳವೆ ಇಳಿಸಿ, ಶ್ವಾಸಕೋಶವನ್ನು ಸ್ವಲ್ಪ ಸಲೈನ್‌ನಿಂದ ತೊಳೆದು, ಆ ನೀರನ್ನು ಪರೀಕ್ಷಿಸುತ್ತಾರೆ. ಉಸಿರಾಟ ಬಿಗಿಯಾಗಿರುವವರಿಗೆ ಅದೂ ಆಗದು. ಈ ತೊಡಕಿನಿಂದಾಗಿಯೇ ವೈದ್ಯಲೋಕ ಈ ಸೋಂಕುಗಳನ್ನು ದೃಢಪಟ್ಟದ್ದು, ಬಹುತೇಕ ಖಚಿತ, ಸಂಭಾವ್ಯ ಎಂದು ಮೂರು ದರ್ಜೆಗಳಲ್ಲಿ ಗುರುತಿಸುತ್ತದೆ. ದೃಢಪಟ್ಟ ಮೇಲೇ ಚಿಕಿತ್ಸೆ ಎಂದು ಕಾದರೆ ಎಷ್ಟೋ ರೋಗಿಗಳಿಗೆ ಆ ಹೊತ್ತಿಗೆ ತಡವಾಗಿರುತ್ತದೆ. ಸಂಶಯದ ಮೇಲೆ ಔಷಧ ಶುರು ಮಾಡುವುದು ಅಂದಾಜಿನ ಆಟವಲ್ಲ, ತಡವಾದರೆ ತೆರಬೇಕಾದ ಬೆಲೆ ಗೊತ್ತಿದ್ದು ಮಾಡುವ ತೀರ್ಮಾನ.

ಔಷಧಗಳು ಏಕೆ ಇಷ್ಟು ಕಡಿಮೆ, ಏಕೆ ಇಷ್ಟು ಬಿರುಸು

ಬ್ಯಾಕ್ಟೀರಿಯಾಕ್ಕೆ ಹತ್ತಾರು ಬಗೆಯ ಔಷಧಗಳಿವೆ. ಶಿಲೀಂಧ್ರಕ್ಕೆ ಮುಖ್ಯವಾಗಿ ಇರುವುದು ಮೂರು ಗುಂಪು. ಜೀವವಿಕಾಸದ ಲೆಕ್ಕದಲ್ಲಿ ಶಿಲೀಂಧ್ರಗಳು ಬ್ಯಾಕ್ಟೀರಿಯಾಕ್ಕಿಂತ ನಮಗೇ ಹತ್ತಿರ. ಅವುಗಳ ಕೋಶದ ರಚನೆ ನಮ್ಮ ಕೋಶವನ್ನು ಹೋಲುತ್ತದೆ. ಅವನ್ನು ಕೊಲ್ಲುವ ವಿಷ ನಮಗೂ ತಾಗುವ ಸಂಭವ ಹೆಚ್ಚು. ಹೀಗಾಗಿ ಅವುಗಳಲ್ಲಿದ್ದು ನಮ್ಮಲ್ಲಿಲ್ಲದ ಒಂದೆರಡು ಜಾಗಗಳನ್ನೇ ಹುಡುಕಿ ಹೊಡೆಯಬೇಕು. ನಮ್ಮ ಕೋಶಪೊರೆಯಲ್ಲಿ ಕೊಲೆಸ್ಟ್ರಾಲ್ ಇದ್ದರೆ ಅವುಗಳದ್ದರಲ್ಲಿ ಎರ್ಗೊಸ್ಟೆರಾಲ್ ಇದೆ. ಪೊರೆಯ ಹೊರಗೆ ಅವಕ್ಕೆ ಗ್ಲೂಕಾನ್‌ನಿಂದಾದ ಗೋಡೆಯಿದೆ, ನಮಗೆ ಅದಿಲ್ಲ.

ಆಂಫೊಟೆರಿಸಿನ್-ಬಿ ಎರ್ಗೊಸ್ಟೆರಾಲ್‌ಗೆ ಕಚ್ಚಿಕೊಂಡು ಪೊರೆಯನ್ನು ಹಾಳುಗೆಡವುತ್ತದೆ. ವೆನೆಜುವೆಲಾದ ಒರಿನೊಕೊ ನದಿ ಸೀಮೆಯ ಮಣ್ಣಿನಲ್ಲಿದ್ದ ಒಂದು ಬ್ಯಾಕ್ಟೀರಿಯಾದಿಂದ 1950ರ ದಶಕದಲ್ಲಿ ಸಿಕ್ಕ ಔಷಧವಿದು. ಮೂರೂ ಬಗೆಯ ಶಿಲೀಂಧ್ರದ ಮೇಲೆ ಕೆಲಸ ಮಾಡುತ್ತದೆ. ಕೊಲೆಸ್ಟ್ರಾಲ್‌ಗೂ ಸ್ವಲ್ಪ ಅಂಟುವುದರಿಂದ ಕಿಡ್ನಿ ಕೆಡುತ್ತದೆ, ಪೊಟ್ಯಾಸಿಯಂ, ಮೆಗ್ನೀಸಿಯಂ ಇಳಿಯುತ್ತವೆ, ಕೊಡುವಾಗ ಚಳಿಜ್ವರ ಬರುತ್ತದೆ. ಔಷಧವನ್ನು ಕೊಬ್ಬಿನ ಅತಿಸೂಕ್ಷ್ಮ ಗುಳ್ಳೆಗಳೊಳಗೆ ಇಟ್ಟು ತಯಾರಿಸಿದ ಲೈಪೊಸೋಮಲ್ ರೂಪದಲ್ಲಿ ಈ ತೊಂದರೆಗಳು ಗಣನೀಯವಾಗಿ ಕಡಿಮೆ, ಬೆಲೆ ಹೆಚ್ಚು. ಆಸ್ಪರ್ಜಿಲಸ್‌ಗೆ ದಿನಕ್ಕೆ ಕೆ.ಜಿ. ತೂಕಕ್ಕೆ 3 ಮಿ.ಗ್ರಾಂ., ಮ್ಯೂಕರ್‌ಗೆ 5 ಅಥವಾ ಅದಕ್ಕೂ ಹೆಚ್ಚು. 60 ಕೆ.ಜಿ. ತೂಕದ ಮ್ಯೂಕರ್ ರೋಗಿಗೆ 50 ಮಿ.ಗ್ರಾಂ.ನ ಆರು ಬಾಟಲಿ ದಿನಕ್ಕೆ, ಅದೂ ವಾರಗಟ್ಟಲೆ. 2021ರಲ್ಲಿ ಔಷಧ ಏಕೆ ಖಾಲಿಯಾಯಿತೆಂದು ಈ ಲೆಕ್ಕದಿಂದ ತಿಳಿಯುತ್ತದೆ.

ಎರಡನೇ ಗುಂಪು ಅಜೋಲ್‌ಗಳದ್ದು. ಇವು ಎರ್ಗೊಸ್ಟೆರಾಲ್ ತಯಾರಾಗದಂತೆ ತಡೆಯುತ್ತವೆ. 2002ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಆಸ್ಪರ್ಜಿಲಸ್ ಸೋಂಕಿಗೆ ವೊರಿಕೊನಜೋಲ್ ಪಡೆದವರಲ್ಲಿ ಸುಮಾರು 71 ಶೇಕಡಾ ಜನ 12 ವಾರದ ನಂತರ ಬದುಕಿದ್ದರು. ಹಳೆಯ ಆಂಫೊಟೆರಿಸಿನ್ ಪಡೆದವರಲ್ಲಿ ಈ ಪ್ರಮಾಣ 58 ಶೇಕಡಾ. ಅಂದಿನಿಂದ ಆಸ್ಪರ್ಜಿಲಸ್‌ಗೆ ಮೊದಲ ಆಯ್ಕೆ ಅಜೋಲ್ ಆಯಿತು. ನಂತರ ಬಂದ ಐಸವುಕೊನಜೋಲ್, ಪೋಸಕೊನಜೋಲ್ ಅಷ್ಟೇ ಪರಿಣಾಮಕಾರಿ, ಅಡ್ಡಪರಿಣಾಮ ಕಡಿಮೆ. ವೊರಿಕೊನಜೋಲ್ ಮ್ಯೂಕರ್ ಮೇಲೆ ಕೆಲಸ ಮಾಡುವುದಿಲ್ಲ, ಈ ಎರಡು ಮಾಡುತ್ತವೆ. ಯಾವ ಶಿಲೀಂಧ್ರ ಎಂದು ತಿಳಿಯುವುದಕ್ಕೆ ವೈದ್ಯರು ಅಷ್ಟು ಒದ್ದಾಡುವುದು ಈ ವ್ಯತ್ಯಾಸಕ್ಕಾಗಿಯೇ.

ಮೂರನೆಯದು ಗ್ಲೂಕಾನ್ ಗೋಡೆ ಕಟ್ಟದಂತೆ ತಡೆಯುವ ಕ್ಯಾಸ್ಪೊಫಂಜಿನ್, ಮೈಕಾಫಂಜಿನ್‌ಗಳು. ರಕ್ತದ ಕ್ಯಾಂಡಿಡಾಕ್ಕೆ ಇವೇ ಮೊದಲ ಆಯ್ಕೆ. ರಕ್ತ ಸ್ವಚ್ಛವಾದ ದಿನದಿಂದ ಎಣಿಸಿ ಕನಿಷ್ಠ 14 ದಿನ ಚಿಕಿತ್ಸೆ. ಸಾಧ್ಯವಾದರೆ ಲೈನ್ ತೆಗೆಯುತ್ತಾರೆ, ಕಣ್ಣಿನ ಪರೀಕ್ಷೆ ಮಾಡಿಸುತ್ತಾರೆ. ಮ್ಯೂಕರ್ ಆದರೆ ಔಷಧ ಒಂದರಿಂದಲೇ ಗೆಲ್ಲುವುದು ಕಷ್ಟ, ಸತ್ತ ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬೇಕಾಗುತ್ತದೆ.

ಕೀಮೋ ಮತ್ತು ಅಜೋಲ್ ಜೊತೆಯಾದಾಗ

ಅಜೋಲ್‌ಗಳು ಯಕೃತ್ತಿನಲ್ಲಿ ಔಷಧಗಳನ್ನು ಕರಗಿಸುವ ಕಿಣ್ವವನ್ನೂ ತಡೆಯುತ್ತವೆ. ಇದನ್ನು ನಾನು ಸ್ವಲ್ಪ ಒತ್ತಿ ಹೇಳಬೇಕು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಅಕ್ಯೂಟ್ ಲಿಂಫೊಬ್ಲಾಸ್ಟಿಕ್ ಲ್ಯುಕೇಮಿಯಾದ ಚಿಕಿತ್ಸೆಯಲ್ಲಿ ವಿನ್‌ಕ್ರಿಸ್ಟಿನ್ ಮುಖ್ಯ ಔಷಧ. ಅಜೋಲ್ ಜೊತೆ ಕೊಟ್ಟರೆ ಅದು ದೇಹದಲ್ಲಿ ಹೆಚ್ಚು ಹೊತ್ತು ಉಳಿದು ನರಗಳಿಗೆ ಪೆಟ್ಟು ಕೊಡುತ್ತದೆ. ಕೈಕಾಲು ಜೋಮು ಹಿಡಿಯುತ್ತದೆ, ಕರುಳಿನ ಚಲನೆ ನಿಲ್ಲುತ್ತದೆ, ಫಿಟ್ಸ್ ಕೂಡ ಬರಬಹುದು. ಅಂಥವರಿಗೆ ಬೇರೆ ಗುಂಪಿನ ಔಷಧ ಆರಿಸುತ್ತಾರೆ. ಎಎಂಎಲ್‌ಗೆ ಕೊಡುವ ವೆನೆಟೊಕ್ಲಾಕ್ಸ್ ಮಾತ್ರೆಯನ್ನು ಪೋಸಕೊನಜೋಲ್ ಜೊತೆ ಕೊಡುವಾಗ 400 ಮಿ.ಗ್ರಾಂ. ಬದಲು 70 ಅಥವಾ 100ಕ್ಕೆ ಇಳಿಸುತ್ತಾರೆ. ಡೋಸ್ ಕಡಿಮೆ ಮಾಡಿದ್ದಾರೆ ಎಂದು ಗಾಬರಿಯಾಗಿ, ಊರಿನ ಅಂಗಡಿಯಿಂದ ಹೆಚ್ಚು ತಂದು ನುಂಗಿಸುವ ಕೆಲಸ ಖಂಡಿತ ಬೇಡ.

ವೊರಿಕೊನಜೋಲ್‌ನದ್ದು ಇನ್ನೊಂದು ಸಮಸ್ಯೆ. ಅದನ್ನು ದೇಹ ಕರಗಿಸುವ ವೇಗ ಹುಟ್ಟಿನಿಂದಲೇ ಒಬ್ಬೊಬ್ಬರಲ್ಲಿ ಒಂದೊಂದು. ಒಂದೇ ಡೋಸ್ ಒಬ್ಬರಿಗೆ ಸಾಲದು, ಇನ್ನೊಬ್ಬರಿಗೆ ವಿಷ. ಆದ್ದರಿಂದ ಐದಾರು ದಿನದ ಬಳಿಕ ರಕ್ತದಲ್ಲಿ ಅದರ ಮಟ್ಟ ಅಳೆದು, ಲೀಟರಿಗೆ 1ರಿಂದ 5.5 ಮಿ.ಗ್ರಾಂ. ನಡುವೆ ಇರುವಂತೆ ಸರಿಹೊಂದಿಸುತ್ತಾರೆ. ಮಾತ್ರೆಯನ್ನು ಊಟದ ಜೊತೆ ತೆಗೆದುಕೊಳ್ಳಬಾರದು, ಮುಂಚೆ ಅಥವಾ ನಂತರ ಒಂದು ಗಂಟೆ ಬಿಡಬೇಕು. ಕಣ್ಣ ಮುಂದೆ ಬೆಳಕು ಮಿನುಗಿದಂತೆ ಆಗುವುದು, ಇಲ್ಲದ್ದು ಕಾಣುವುದು ಇದರ ಗೊತ್ತಿರುವ ಅಡ್ಡಪರಿಣಾಮಗಳು. ಅಜ್ಜನಿಗೆ ಬುದ್ಧಿ ಪಲ್ಲಟವಾಯಿತು ಎಂದು ಕಣ್ಣೀರಿಡುವ ಮೊದಲು ವೈದ್ಯರಿಗೆ ಹೇಳಿ. ಔಷಧ ಬದಲಿಸಿದರೆ ಅದು ಹೋಗುತ್ತದೆ.

ಔಷಧ ಕೊಟ್ಟ ಮೇಲೂ ಸಿ.ಟಿ. ಕೆಟ್ಟದಾಗಿ ಕಂಡರೆ

ಚಿಕಿತ್ಸೆ ಶುರುವಾದ ಮೊದಲ ವಾರ, ಹತ್ತು ದಿನ ಶ್ವಾಸಕೋಶದ ಗಂಟು ದೊಡ್ಡದಾಗುತ್ತಲೇ ಇರಬಹುದು. ಔಷಧ ಸರಿಯಾಗಿ ಕೆಲಸ ಮಾಡುತ್ತಿರುವವರಲ್ಲೂ ಹೀಗಾಗುತ್ತದೆ. ಕೌಂಟ್ ಮರಳತೊಡಗಿದಾಗ ನ್ಯೂಟ್ರೋಫಿಲ್‌ಗಳು ಆ ಜಾಗಕ್ಕೆ ನುಗ್ಗಿ ಉರಿಯೂತ ಹೆಚ್ಚುತ್ತದೆ, ಉಸಿರಾಟ ಕೂಡ ತುಸು ಹದಗೆಡಬಹುದು. ಸತ್ತ ಭಾಗ ಸುತ್ತಲಿನಿಂದ ಬಿಡಿಸಿಕೊಳ್ಳುವಾಗ ಚಂದ್ರಕಲೆಯ ಆಕಾರದ ಗಾಳಿಯ ಜಾಗ ಕಾಣುತ್ತದೆ. ಅದು ಚೇತರಿಕೆಯ ಗುರುತು. ಅದೇ ಹೊತ್ತಿನಲ್ಲಿ ಕೆಮ್ಮಿನಲ್ಲಿ ರಕ್ತ ಬೀಳುವ ಅಪಾಯವೂ ಇರುವುದರಿಂದ ಕಣ್ಣಿಟ್ಟು ಕಾಯುತ್ತಾರೆ.

ನಿಜ ಹೇಳಬೇಕೆಂದರೆ ಈ ಔಷಧಗಳು ಮಾಡುವ ದೊಡ್ಡ ಉಪಕಾರ ಕಾಲಾವಕಾಶ ಕೊಡುವುದು. ಎಳೆಗಳು ಮುಂದೆ ಬೆಳೆಯದಂತೆ ಅವು ತಡೆದಿಡುತ್ತವೆ. ಪೂರ್ತಿ ತೊಡೆದುಹಾಕಬೇಕಾದ್ದು ಮರಳಿ ಬಂದ ನ್ಯೂಟ್ರೋಫಿಲ್‌ಗಳು. ಲ್ಯುಕೇಮಿಯಾ ಹತೋಟಿಗೆ ಬಂದು ಕೌಂಟ್ ಏರಿದವರಲ್ಲಿ ಫಲಿತಾಂಶ ಚೆನ್ನಾಗಿರುತ್ತದೆ, ಏರದವರಲ್ಲಿ ಎಂಥ ಔಷಧವೂ ಏದುಸಿರು ಬಿಡುತ್ತದೆ. ಆದ್ದರಿಂದಲೇ ಸೋಂಕು ಬಂತೆಂದು ಕ್ಯಾನ್ಸರ್ ಚಿಕಿತ್ಸೆಯನ್ನು ಕೈಬಿಡುವುದಿಲ್ಲ. ಸೋಂಕು ಸ್ಥಿರವಾಗುವವರೆಗೆ ತಡೆದು, ಶಿಲೀಂಧ್ರದ ಔಷಧ ಮುಂದುವರಿಸುತ್ತಲೇ ಮುಂದಿನ ಸುತ್ತು ಕೊಡುತ್ತಾರೆ. ಹೀಗೆ ದಾಟಿ ಅಸ್ಥಿಮಜ್ಜೆ ಕಸಿಯವರೆಗೆ ಹೋದವರು ಬೇಕಾದಷ್ಟು ಜನರಿದ್ದಾರೆ. ಆಸ್ಪರ್ಜಿಲಸ್‌ಗೆ ಚಿಕಿತ್ಸೆ ಕನಿಷ್ಠ 6ರಿಂದ 12 ವಾರ. ಮತ್ತೆ ಕೌಂಟ್ ಇಳಿಸುವ ಕೀಮೋ ಇದ್ದರೆ ಅದಕ್ಕೂ ಹೆಚ್ಚು.

ತಡೆಯುವುದು, ಮತ್ತು ಮನೆಗೆ ಹೋದ ಮೇಲೆ

ಎಎಂಎಲ್ ರೋಗಿಗಳಿಗೆ ಕೌಂಟ್ ಇಳಿಯುವ ಮೊದಲೇ ಪೋಸಕೊನಜೋಲ್ ಕೊಟ್ಟರೆ ಸೋಂಕು ಕಡಿಮೆಯಾಗುತ್ತದೆ ಎಂದು 2007ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹಳೆಯ ಮಾತ್ರೆ ಪಡೆದವರಲ್ಲಿ 8 ಶೇಕಡಾ ಇದ್ದದ್ದು 2ಕ್ಕೆ ಇಳಿಯಿತು. ಇಂದು ಇದು ಹಲವೆಡೆ ವಾಡಿಕೆಯ ಕ್ರಮ. ನಿಮ್ಮವರಿಗೆ ಕೊಡುತ್ತಿದ್ದಾರೆಯೇ, ಇಲ್ಲದಿದ್ದರೆ ಏಕಿಲ್ಲ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಸೌಲಭ್ಯವಿರುವ ಆಸ್ಪತ್ರೆಗಳಲ್ಲಿ ಇಂಥವರ ಕೋಣೆಗೆ, ಬೀಜಕದಷ್ಟು ಸಣ್ಣ ಕಣವನ್ನೂ ಹಿಡಿಯುವ ಹೆಪಾ ಫಿಲ್ಟರ್ ಮೂಲಕ ಹಾಯಿಸಿದ ಗಾಳಿ ಬಿಡುತ್ತಾರೆ. ಹೂವಿನ ಕುಂಡ, ಹೂಗುಚ್ಛ ಒಳಗೆ ಬಿಡದಿರುವುದು ಮಣ್ಣಿನಲ್ಲೂ ಹೂದಾನಿಯ ನೀರಿನಲ್ಲೂ ರೋಗಾಣುಗಳಿರುವುದರಿಂದ. ದೇವರ ಪ್ರಸಾದದ ಹೂವನ್ನು ದಿಂಬಿನಡಿ ಇಡಬೇಕೆಂದು ಆಸೆಪಡುವ ಹಿರಿಯರಿಗೆ ಇದನ್ನು ಮೆಲ್ಲಗೆ ತಿಳಿಸಿ ಹೇಳಬೇಕಾಗುತ್ತದೆ.

ಬೆಂಗಳೂರಿನಂಥ, ಎಲ್ಲಿ ನೋಡಿದರೂ ಕಟ್ಟಡ ಕೆಲಸ ನಡೆಯುವ ಊರಿನಲ್ಲಿ ಆಸ್ಪತ್ರೆಗೆ ಹೋಗಿಬರುವಾಗ ಬಿಗಿಯಾದ ಎನ್-95 ಮಾಸ್ಕ್ ಹಾಕುವುದು ಒಳ್ಳೆಯದು. ಹಳ್ಳಿಗೆ ಮರಳಿದವರು ಕೌಂಟ್ ಸರಿಯಾಗುವವರೆಗೆ ಕೊಟ್ಟಿಗೆ, ಹುಲ್ಲಿನ ಬಣವೆ, ಗೊಬ್ಬರದ ಗುಂಡಿ, ಕಣದ ಧೂಳಿನಿಂದ ದೂರವಿರಬೇಕು. ಮಳೆಗಾಲದಲ್ಲಿ ಗೋಡೆಗೆ ಬೂಷ್ಟು ಹಿಡಿದ ಕೋಣೆಯಲ್ಲಿ ಮಲಗಿಸಬಾರದು, ರೋಗಿ ಮನೆಯಲ್ಲಿರುವಾಗ ಅದನ್ನು ಕೆರೆದು ತೆಗೆಯುವುದೂ ಬೇಡ. ಮನೆಯಲ್ಲೊಂದು ಥರ್ಮಾಮೀಟರ್ ಇರಲಿ. 100.4 ದಾಟಿದರೆ ಮೊದಲು ಪ್ಯಾರಸಿಟಮಾಲ್ ನುಂಗಿಸಿ ಬೆಳಗಿನವರೆಗೆ ಕಾಯಬೇಡಿ. ಮಾತ್ರೆಯಿಂದ ಜ್ವರ ಮುಚ್ಚಿಹೋಗುತ್ತದೆ, ಸೋಂಕು ಹೋಗುವುದಿಲ್ಲ. ರಾತ್ರಿ ಎರಡು ಗಂಟೆಯಾಗಿದ್ದರೂ ವಾರ್ಡಿಗೆ ಫೋನ್ ಮಾಡಿ, ಕೊನೆಯ ಕೀಮೋ ಎಂದು ಆಯಿತು, ಕೊನೆಯ ಕೌಂಟ್ ಎಷ್ಟಿತ್ತು ಎಂದು ಹೇಳಿ, ಹೊರಡಿ.